ದೊಡ್ಡಕ್ಕನ ಹೊಟ್ಟೆಯ ಕಲ್ಲುಗಳು

ನಾಲ್ಕನೆಯ ಶ್ರಾವಣ, ಗಾಳಿಬರದ ಏಳನೆಯ ವರ್ಷ
(ನಿಮ್ಮ ಲೆಕ್ಕದಲ್ಲಿ ಇಸವಿ ಎರಡು ಸಾವಿರದ ಇನ್ನೂರ ಹದಿನಾರು)
ಮೇಲೂರು ಗುಡ್ಡ, ಅಘನಾಶಿನಿಯ ಅಳಿವೆ

ನಮ್ಮ ಮನೆಯ ಕಲ್ಲಿನ ಒಡತಿಯಾದ ಅಜ್ಜಿಗೆ ಮಾದೇವಿಯ ನಮಸ್ಕಾರಗಳು.

ತಾರೀಖು ನೋಡಿ ಗಾಬರಿಯಾಗಬೇಡಿ. ನಿಮ್ಮಲ್ಲಿ ಅಧಿಕಮಾಸ ಬಂದರೂ ಶ್ರಾವಣ ಎರಡಕ್ಕೆ ಮುಗಿಯುತ್ತಿತ್ತಂತೆ. ನಮ್ಮಲ್ಲಿ ಹಾಗಿಲ್ಲ. ನೆಲ ನೆನೆಯುವಷ್ಟು ಮಳೆ ಬೀಳುವವರೆಗೆ ಮುಂದಿನ ತಿಂಗಳಿಗೆ ಕಾಲಿಡಬಾರದೆಂದು ಹಿರಿಯರು ಗೊತ್ತು ಮಾಡಿದ್ದಾರೆ. ಹಾಗಾಗಿ ಒಂದು ಶ್ರಾವಣ ಮುಗಿದ ಮೇಲೆ ಇನ್ನೊಂದನ್ನು ಎಣಿಸುತ್ತ ಕೂತಿದ್ದೇವೆ. ಈ ಪತ್ರದಲ್ಲಿ ನಿಮಗೆ ಗೊತ್ತಿಲ್ಲದ ಶಬ್ದಗಳು ಬರುತ್ತವೆ, ಅದಕ್ಕೆ ಕ್ಷಮೆ ಇರಲಿ. ಬಂದಲ್ಲೇ ಅರ್ಥ ಹೇಳಿಬಿಡುತ್ತೇನೆ. ಹಿಂದಕ್ಕೆ ಹೋಗುವ ಅಂಚೆ ನಮ್ಮಲ್ಲೂ ಇಲ್ಲ. ಇದು ನಿಮಗೆ ಹೇಗೆ ತಲುಪೀತು ಎಂದು ನನಗೂ ಗೊತ್ತಿಲ್ಲ. ಆದರೂ ಬರೆಯದೆ ಇರಲಾರೆ.

ನೀವು ನನಗೆ ಏಳು ತಲೆಮಾರು ಹಿಂದಿನವರು. ಈಗ ನಿಮಗೆ ನನಗಿಂತ ಕಡಿಮೆ ವಯಸ್ಸೂ ಇದ್ದೀತು, ಜಡೆಗೆ ಅಬ್ಬಲಿಗೆ ಮುಡಿದುಕೊಂಡು ಓಡಾಡುತ್ತಿರಬಹುದು. ಆದರೂ ಅಜ್ಜಿ ಎಂದೇ ಕರೆಯುತ್ತೇನೆ, ಬೇಸರ ಮಾಡಿಕೊಳ್ಳಬೇಡಿ. ನಿಮ್ಮ ಹೆಸರು ನಮಗೆ ಉಳಿದಿಲ್ಲ. ಉಳಿದದ್ದು ನಿಮ್ಮ ಹಿತ್ತಿಲ ಬಾಗಿಲ ಹೊರಗಿರುವ ಅರೆಯುವ ಕಲ್ಲು ಒಂದೇ. ಕಪ್ಪು ಕಲ್ಲು, ನಡುವೆ ಸವೆದು ತಗ್ಗಾದದ್ದು, ಒಂದು ಮೂಲೆ ಮುಕ್ಕಾದದ್ದು. ಮನೆಯಲ್ಲಿ ಮಿಕ್ಸರ್ ಬಂದ ಮೇಲೆ ನೀವು ಅದರ ಮೇಲೆ ಬಕೆಟ್ಟು ಇಡುತ್ತಿರಬಹುದು, ಮೀನು ಹೆಚ್ಚುವ ಹೊತ್ತಿಗೆ ಬೆಕ್ಕು ಅದರ ಮೇಲೆ ಕೂತು ಕಾಯುತ್ತಿರಬಹುದು. ನಾನು ಹೇಳಬೇಕಾದದ್ದು ಆ ಕಲ್ಲಿನ ಸುದ್ದಿಯೇ.

ಮೊದಲು ನಮ್ಮ ಊರಿನ ಸ್ಥಿತಿ ಹೇಳುತ್ತೇನೆ. ನೀವಿರುವ ಊರನ್ನು ನಾವು ಕೆಳಗೂರು ಎನ್ನುತ್ತೇವೆ, ಅದು ನೀರಿನಡಿಯಲ್ಲಿದೆ. ನಿಮ್ಮ ದನ ಮೇಯುವ ಗುಡ್ಡದ ನೆತ್ತಿಯೇ ನಮ್ಮ ಮೇಲೂರು. ಸುತ್ತ ನಾಲ್ಕೂ ಕಡೆ ನೀರು, ಕುಡಿಯಲು ಒಂದು ಲೋಟವೂ ಇಲ್ಲ. ಇಳಿತದಲ್ಲಿ ಮಾತ್ರ ಘಟ್ಟದ ಕಡೆಗೆ ಒಂದು ಕೆಸರಿನ ಕಾಲುದಾರಿ ತೆರೆಯುತ್ತದೆ. ಬಾವಿ ತೋಡಿದಲ್ಲೆಲ್ಲ ಉಪ್ಪು ಬಂತು. ಪ್ರತಿ ಮನೆಯ ಎದುರು ಒಂದು ಬೆವರುಗಾಜು ಇದೆ: ಓರೆಯಾಗಿ ಮುಚ್ಚಿದ ಗಾಜಿನ ಪೆಟ್ಟಿಗೆ, ಒಳಗೆ ಸಮುದ್ರದ ನೀರು. ಬಿಸಿಲಿಗೆ ನೀರು ಆವಿಯಾಗಿ ಗಾಜಿಗೆ ಕಟ್ಟಿ, ಬೆವರಿದಂತೆ ಹನಿಹನಿಯಾಗಿ ಬೋಗುಣಿಗೆ ಇಳಿಯುತ್ತದೆ. ದಿನವಿಡೀ ಕಾದರೆ ಒಬ್ಬರ ಗಂಟಲು ಒದ್ದೆಯಾದೀತು, ಅಷ್ಟೆ. ಗಂಜಿಗೆ, ಎಳೆಮಕ್ಕಳಿಗೆ, ಕಾಯಿಲೆಯವರಿಗೆ ಬೇಕಾದ ನೀರು ಹೊಳೆಯ ಮೇಲ್ಗಡೆಯಿಂದಲೇ ಬರಬೇಕು. ಹೊಳೆಯಲ್ಲಿ ಉಪ್ಪು ಮುಗಿದು ಸಿಹಿ ಶುರುವಾಗುವ ಜಾಗಕ್ಕೆ ಸಿಹಿಗಡಿ ಎಂದು ಹೆಸರು. ನಮ್ಮ ಅಜ್ಜನ ಕಾಲದಲ್ಲಿ ಅದು ಉಪ್ಪಿನಪಟ್ಟಣದ ಹತ್ತಿರ ಇತ್ತಂತೆ. ಈಗ ಇನ್ನೂ ಮೇಲೆ, ಕಾಡಿನೊಳಗೆ ಸರಿದಿದೆ. ಅಲ್ಲಿಂದ ಪೀಪಾಯಿಗಳಲ್ಲಿ ನೀರು ತರುವುದಕ್ಕೆ ನಮಗಿದ್ದದ್ದು ಒಂದೇ ಹಡಗು, ಹಾಯಿ ಕಟ್ಟಿದ ಹಳೆಯ ಮಚ್ವೆ. ನಿಮ್ಮ ಹಿರಿಯರು ಉಪ್ಪು, ಹಂಚು ಸಾಗಿಸುತ್ತಿದ್ದರಲ್ಲ, ಅದೇ ನಮೂನೆಯ ದೊಡ್ಡ ಹೊಟ್ಟೆಯ ದೋಣಿ. ಊರವರೆಲ್ಲ ಅವಳನ್ನು ದೊಡ್ಡಕ್ಕ ಎನ್ನುತ್ತಾರೆ, ಯಾಕೆಂದರೆ ಈ ಗುಡ್ಡದ ಅರ್ಧ ಜನರನ್ನು ಮುಳುಗುವ ಊರಿನಿಂದ ಹೊತ್ತು ತಂದವಳು ಅವಳೇ.

ಹಾಯಿ ಹಡಗು ಮಗುಚಬಾರದೆಂದರೆ ಅದರ ಹೊಟ್ಟೆಯಲ್ಲಿ, ತೀರಾ ಕೆಳಗೆ, ಭಾರ ಇರಬೇಕು. ಅದಕ್ಕೆ ಎಲ್ಲ ಊರಿನವರೂ ಕಲ್ಲು ತುಂಬುತ್ತಾರೆ. ನಮ್ಮವರು ತುಂಬಿದ್ದು ಎಂಥ ಕಲ್ಲು ಗೊತ್ತೇ? ಮನೆ ಬಿಟ್ಟು ಬರುವಾಗ ಒಂದೊಂದು ಕುಟುಂಬವೂ ತಮ್ಮ ಮನೆಯಿಂದ ಒಂದೊಂದು ಕಲ್ಲು ಕಿತ್ತು ತಂದು ದೊಡ್ಡಕ್ಕನ ಹೊಟ್ಟೆಗೆ ಹಾಕಿತು. ಒಬ್ಬರದು ಹೊಸ್ತಿಲ ಕಲ್ಲು, ಒಬ್ಬರದು ತುಳಸಿಕಟ್ಟೆಯ ಕಲ್ಲು, ಹಸನಸಾಬರ ಮನೆಯವರದು ಬಾವಿಕಟ್ಟೆಯ ಕಲ್ಲು, ಪೆದ್ರು ಮನೆಯವರದು ಅಂಗಳದ ಶಿಲುಬೆಯ ಬುಡದ್ದು, ನಮ್ಮದು ನಿಮ್ಮ ಅರೆಯುವ ಕಲ್ಲು. ಹೀಗೆ ಒಂದು ಹಡಗಿನಲ್ಲಿ ಕಲ್ಲು ಇಟ್ಟವರನ್ನು ಕಲ್ಲೊಕ್ಕಲು ಎನ್ನುತ್ತಾರೆ; ಅವರು ನೆಂಟರಿಗಿಂತ ಹೆಚ್ಚು. ಕಲ್ಲನ್ನು ಮನೆಯ ಹಳೇ ಬಟ್ಟೆಯಲ್ಲಿ ಸುತ್ತಿಡಬೇಕು. ವರ್ಷಕ್ಕೊಮ್ಮೆ ಹಡಗನ್ನು ದಂಡೆಗೆಳೆದು ಮೀನೆಣ್ಣೆ ಬಳಿಯುವಾಗ ಹೊರತೆಗೆದು ತೊಳೆಯಬೇಕು. ಮತ್ತು ಒಬ್ಬರ ಮನೆಯ ಕಲ್ಲನ್ನು ಇನ್ನೊಬ್ಬರು ಎತ್ತುವಂತಿಲ್ಲ. ಊರು ಮುಳುಗುವಾಗ ಒಬ್ಬರ ಬಾಗಿಲು ಇನ್ನೊಬ್ಬರು ಕಿತ್ತುಕೊಂಡು ಹೋಗಿ ಹೊಡೆದಾಟಗಳಾಗಿದ್ದವಂತೆ, ಅಂದಿನಿಂದ ಬಂದ ಕಟ್ಟುಪಾಡು ಇದು. ನನ್ನ ಕಾಲಕ್ಕೆ ಹೊಡೆದಾಟ ಮರೆತುಹೋಗಿತ್ತು, ಕಟ್ಟು ಮಾತ್ರ ಗಟ್ಟಿಯಾಗಿತ್ತು.

ಗಾಳಿಬರ ಬಂದದ್ದು ನಾನು ದೊಡ್ಡವಳಾದ ಮೇಲೆ. ಮಳೆಯ ಬರ ನಿಮಗೂ ಗೊತ್ತಿತ್ತು, ಇದು ಗಾಳಿಯ ಬರ. ಮಧ್ಯಾಹ್ನ ಕಡಲಿನಿಂದ, ಬೆಳಿಗ್ಗೆ ಗುಡ್ಡದಿಂದ ತಪ್ಪದೆ ಬೀಸುತ್ತಿದ್ದ ಗಾಳಿ ನಿಂತುಹೋಯಿತು. ಬಂದರೆ ಮನೆಯ ಮಾಡು ಹಾರಿಸುವ ಬಿರುಗಾಳಿ, ಇಲ್ಲದಿದ್ದರೆ ಒಂದು ಎಲೆಯೂ ಅಲ್ಲಾಡುವುದಿಲ್ಲ. ದೊಡ್ಡಕ್ಕನ ಹಾಯಿ ಒಣಗಲು ಹಾಕಿದ ಸೀರೆಯ ಹಾಗೆ ಇಳಿಬಿದ್ದಿರುತ್ತಿತ್ತು. ಗಂಡಸರು ಹುಟ್ಟು ಹಾಕಿ ಹಾಕಿ ಸೋತರು. ಒಂದು ಸಲ ಹೋದವರು ಮರಳುವಷ್ಟರಲ್ಲಿ ಊರಿನಲ್ಲಿ ಎರಡು ಕೂಸುಗಳು ವಾಂತಿಭೇದಿಯಾಗಿ ತೀರಿಕೊಂಡವು. ಆವತ್ತೇ ನಾನು ಹಡಗಿಗೆ ಮೋಟರು ಕೂರಿಸುವ ಮಾತೆತ್ತಿದೆ. ನಾನು ಬೆವರುಗಾಜು, ದೀಪ, ತಂತಿ ಇಂಥವನ್ನು ರಿಪೇರಿ ಮಾಡುವವಳು. ಮಾತು ಬಿರುಸು ಅಂತ ಊರಿಗೆಲ್ಲ ಗೊತ್ತು, ಅದಕ್ಕೇ ಬೇಗ ಒಪ್ಪಿದರೋ ಏನೋ.

ಒಪ್ಪದವನು ಮಂಕಾಳಯ್ಯ ಮಾವ. ಅಮ್ಮನ ಒಡಹುಟ್ಟಿದ ಅಣ್ಣ, ಹಡಗಿನ ತಂಡೇಲ. ಅಂದರೆ ಚುಕ್ಕಾಣಿ ಹಿಡಿದು ಹಡಗು ನಡೆಸುವ ಯಜಮಾನ. "ಹಾಯಿ ತೆಗ್ದ ಹಡಗಂದ್ರೆ ಮುಂಡಾಸ್ ಇಲ್ದ ಮದುಮಗ. ನಂಗೆ ನಾಚ್ಕೆ ಆಗ್ತದೆ ಮಾರಾಯ್ತಿ, ನಾನಂತೂ ಅದ್ರಲ್ಲಿ ಕಾಲಿಡೂದಿಲ್ಲ" ಎಂದು ಸಿಟ್ಟಿನಿಂದ ಎದ್ದು ಹೋಗಿದ್ದ. ಮಾರನೆಯ ದಿನ ಬೆಳಿಗ್ಗೆ ನೋಡಿದರೆ ಮರ ಕೊರೆಯುವ ಸಲಕರಣೆ ಹಿಡಿದುಕೊಂಡು ಎಲ್ಲರಿಗಿಂತ ಮೊದಲು ದಂಡೆಯಲ್ಲಿ ಕೂತಿದ್ದ. ನಾನು ಹಲ್ಲು ಕಾಣಿಸದಂತೆ ನಕ್ಕೆ.

ಮೋಟರು ನಿಮ್ಮ ಕಾಲದ್ದೇ. ಘಟ್ಟದ ರಸ್ತೆಯಲ್ಲಿ ಬಿಟ್ಟುಹೋದ ವಿದ್ಯುತ್ ಬಸ್ಸುಗಳು ಬಳ್ಳಿ ಮುಚ್ಚಿಕೊಂಡು ಇನ್ನೂ ಸಾಲಾಗಿ ನಿಂತಿವೆ. ಒಂದರ ಮೋಟರನ್ನು ಬಿಚ್ಚಿ, ಬಿದಿರಿಗೆ ಕಟ್ಟಿ, ಹೆಣ ಹೊತ್ತಂತೆ ಹೊತ್ತು ತಂದೆವು. ಒಂದು ಮಾತು ಹೇಳಲೇಬೇಕು ಅಜ್ಜಿ: ನಿಮ್ಮವರು ಒಂದು ಬಸ್ಸಿನ ಪ್ಲಗ್ಗು ಇನ್ನೊಂದಕ್ಕೆ ಕೂರದ ಹಾಗೆ ಯಾಕೆ ಮಾಡಿಟ್ಟರು? ಪ್ರತಿಯೊಂದಕ್ಕೂ ಬೇರೆ ಮೂತಿ, ಬೇರೆ ಮೊಳೆ. ಅದನ್ನು ಸರಿಮಾಡುವಾಗ ನಾನು ನಿಮ್ಮ ಇಡೀ ಶತಮಾನಕ್ಕೆ ಬೈದಿದ್ದೇನೆ. ಹಿಂಭಾಗದ ಮರ ಕೊರೆದು ಶಾಫ್ಟು ದಾಟಿಸಿ, ನೀರು ಒಳಗೆ ಬಾರದಂತೆ ಸುತ್ತ ಕೊಬ್ಬು ಮೆತ್ತಿದ ಹತ್ತಿಹಗ್ಗ ಬಿಗಿದು, ತುದಿಗೆ ಫ್ಯಾನು ಕೂರಿಸಿದೆವು. ನೀರು ತಳ್ಳುವ ಆ ರೆಕ್ಕೆಗೆ ಮೀನುಗಾರರು ನಿಮ್ಮ ಕಾಲದಿಂದಲೂ ಫ್ಯಾನು ಅಂತಲೇ ಅನ್ನುವುದು. ಹಾಯಿ ಕಟ್ಟುವ ಕಂಬ, ಕೂವೆಮರವನ್ನು ಬುಡಕ್ಕೆ ಕೊಯ್ದು ಅದರಿಂದಲೇ ಚಪ್ಪರ ಮಾಡಿ ಮೇಲೆ ಬಿಸಿಲಹಾಸು ಹೊದಿಸಿದೆವು. ಬಿಸಿಲನ್ನು ಕರೆಂಟು ಮಾಡುವ ಹಾಳೆ ಅದು, ಚಾಪೆಯ ಹಾಗೆ ಸುತ್ತಿಡಬಹುದು. ಮರಕ್ಕೆ ಗರಗಸ ಹಾಕುವಾಗ ಮಾವ ಬೆನ್ನು ತಿರುಗಿಸಿ ಕಡಲು ನೋಡುತ್ತ ನಿಂತಿದ್ದ.

ಉಳಿದದ್ದು ಬ್ಯಾಟರಿ. ಬಸ್ಸಿನ ಬ್ಯಾಟರಿ ಪೆಟ್ಟಿಗೆಗಳು ವಿಪರೀತ ತೂಕ, ಹಡಗಿನ ತೀರಾ ಕೆಳಗೇ ಕೂರಬೇಕು. ಅಲ್ಲಿ ಕಲ್ಲುಗಳಿದ್ದವು. ನಾನು ಊರವರನ್ನೆಲ್ಲ ದಂಡೆಗೆ ಕರೆದು ಬಿಡಿಸಿ ಹೇಳಿದೆ: ಕಲ್ಲು ಮಾಡುತ್ತಿದ್ದ ಕೆಲಸವನ್ನು ಇನ್ನು ಬ್ಯಾಟರಿ ಮಾಡುತ್ತದೆ, ಎರಡೂ ಇದ್ದರೆ ಹಡಗು ನೀರಿನಲ್ಲಿ ಹೂತುಕೊಳ್ಳುತ್ತದೆ, ಮೋಟರು ಎಳೆಯಲಾರದೆ ಕಾದು ಸುಟ್ಟುಹೋಗುತ್ತದೆ. ಎಲ್ಲರೂ ತಲೆಯಾಡಿಸಿದರು. ಒಂದೊಂದು ಮನೆಯವರೂ ಬಂದು ತಮ್ಮ ತಮ್ಮ ಕಲ್ಲು ಇಳಿಸಿಕೊಂಡರು. ದಂಡೆಯ ಮೇಲೆ ಒಂದು ಕಟ್ಟೆ ಕಟ್ಟಿ ಅಲ್ಲಿ ಸಾಲಾಗಿ ಇಟ್ಟೆವು. ಬಿಸಿಲು ತಾಗದಿರಲೆಂದು ಪ್ರತಿ ಕಲ್ಲಿಗೂ ಆಯಾ ಮನೆಯವರೇ ತೆಂಗಿನ ಗರಿ ಹೆಣೆದು ಮುಚ್ಚಿದರು. ಅಮ್ಮ ನಮ್ಮ ಕಲ್ಲಿಗೆ ಗರಿ ಮುಚ್ಚುತ್ತ, "ಇಷ್ಟ್ ದಿನ ನೀರ್ ಮೇಲೆ ಇದ್ದದ್ದು. ಈಗ ಮತ್ತೆ ನೆಲಕ್ಕೆ ಕೂತದೆ ಪಾಪ, ಮನೆ ಇಲ್ದೇ" ಎಂದಳು. ನನಗೆ ಕೆಲಸದ ಗಡಿಬಿಡಿ, ಹೂಂ ಎಂದೆ.

ಆಮೇಲಿನ ದಿನಗಳು ನಮ್ಮ ಬದುಕಿನ ಒಳ್ಳೆಯ ದಿನಗಳು. ಮೋಟರು ನಡೆಸಲು ನನ್ನ ತಂಗಿ ಕುಸುಮ ನಿಂತಳು, ಚುಕ್ಕಾಣಿಗೆ ಮಾವ. ಕರೆಂಟು ಎಷ್ಟಿದೆ ಎಂದು ತಿಳಿಯಲು ಹಸಿರು ದೀಪಗಳ ಒಂದು ಸಾಲು ಇಟ್ಟುಕೊಟ್ಟಿದ್ದೆ. ಮೊದಲ ಸಲ ಹೊರಟಾಗ ಕುಸುಮ ಹಡಗಿನಿಂದಲೇ ಕೂಗಿದ್ದಳು, "ಅಕ್ಕಾ, ಶಬ್ದವೇ ಇಲ್ಲ! ಮೀನಿಗೂ ಗೊತ್ತಾಗೂದಿಲ್ಲ ನಾವ್ ಬಂದದ್ದು!" ಉಬ್ಬರದ ಜೊತೆ ಮೇಲೆ ಹೋಗಿ ಇಳಿತದ ಜೊತೆ ಕೆಳಗೆ ಬರುತ್ತಿದ್ದರು. ಅಳಿವೆಯ ಬಾಯಲ್ಲಿ ಮಾತ್ರ ಇಳಿತಕ್ಕೆ ಅಡ್ಡ ನಿಂತು ಗುಡ್ಡದ ಕಡೆ ತಿರುಗಬೇಕು. ಮೋಟರಿಗೆ ನಿಜವಾದ ಕೆಲಸ ಇದ್ದದ್ದು ಅಲ್ಲಿಯೇ. ತಿರುಗದಿದ್ದರೆ ನೀರು ನೇರ ಹೊರಗಿನ ಸಮುದ್ರಕ್ಕೆ ಎಳೆದುಕೊಂಡು ಹೋಗುತ್ತದೆ. ದೊಡ್ಡಕ್ಕ ಪ್ರತಿ ಸಲವೂ ಸಲೀಸಾಗಿ ತಿರುಗಿದಳು. ಊರಿನಲ್ಲಿ ಹೆಂಗಸರು ತಲೆಗೆ ಸಿಹಿನೀರು ಹಾಕಿಕೊಂಡು ಮಿಂದರು. ಯಾರದೋ ಮನೆಯಲ್ಲಿ ಬಸಳೆ ನೆಟ್ಟರು. ಮಾವನದು ಮಾತ್ರ ಒಂದೇ ಗೊಣಗು, ಹಡಗು ಈಗ ಹೊಸ ಸೊಸೆಯ ಹಾಗೆ ಹೊಯ್ದಾಡುತ್ತದೆ, ಹಳೆಯ ಗಾಂಭೀರ್ಯ ಇಲ್ಲ ಎಂದು.

ಮೋಟರಿನ ಬೇರಿಂಗು ಸವೆಯುತ್ತಿತ್ತು. ಅದನ್ನು ಹುಡುಕಿಕೊಂಡು ನಾನು ಘಟ್ಟದ ಕಡೆ ಹೋದೆ, ಮೂರನೆಯ ಶ್ರಾವಣದ ಹೊತ್ತಿಗೆ. ಬಿಟ್ಟುಹೋದ ಬಸ್ಸುಗಳನ್ನು ಒಂದೊಂದಾಗಿ ಹತ್ತಿ ಹುಡುಕಿ ತಡವಾಯಿತು. ತಿರುಗಿ ಬಂದಾಗ ದೊಡ್ಡಕ್ಕ ನೀರು ತರಲು ಹೋಗಿದ್ದಳು, ಬರಬೇಕಾದ ಹೊತ್ತು ಮೀರಿತ್ತು. ಜನ ದಂಡೆಯಲ್ಲಿ ಗುಂಪಾಗಿ ನಿಂತಿದ್ದರು. ಗುಡ್ಡದ ಮೇಲಿದ್ದವರು ನೋಡಿದ್ದರಂತೆ: ಹಡಗು ಅಳಿವೆಗೆ ಬಂತು, ತಿರುಗಲು ನೋಡಿತು, ಬಹಳ ಹೊತ್ತು ನಿಂತಲ್ಲೇ ನಿಂತಿತು, ಆಮೇಲೆ ಹಿಂದಕ್ಕೆ ಹಿಂದಕ್ಕೆ ಸರಿಯುತ್ತ ಹೊರಗೆ ಹೋಯಿತು. ಹಾಯಿ ಏರಿಸೋಣವೆಂದರೆ ಮರವೇ ಇರಲಿಲ್ಲ, ಇದ್ದರೂ ಗಾಳಿ ಇರಲಿಲ್ಲ. ಬೆನ್ನಟ್ಟಿ ಹೋಗಲು ಇನ್ನೊಂದು ಹಡಗೂ ಇರಲಿಲ್ಲ. ಹೊರಡುವಾಗ ಮಾವ ಬಹಳ ಖುಷಿಯಲ್ಲಿದ್ದನೆಂದು ಹಸನಸಾಬರ ಮಗಳು ಹೇಳಿದಳು. "ಈಗ ಸಮಾ ಕೂತದೆ ನೋಡು ಹಡಗು, ಮೊದ್ಲಿನಾಂಗೆ" ಅಂದಿದ್ದನಂತೆ.

ಆ ಮಾತು ಕೇಳಿದವಳೇ ಕಟ್ಟೆಯ ಹತ್ತಿರ ಓಡಿದೆ. ಗರಿಯ ಮುಚ್ಚಿಗೆಗಳು ಸಾಲಾಗಿ ಹಾಗೇ ಇದ್ದವು. ಒಂದನ್ನು ಎತ್ತಿದೆ, ಅಡಿಯಲ್ಲಿ ತೆಂಗಿನ ಸಿಪ್ಪೆಯ ರಾಶಿ. ಇನ್ನೊಂದನ್ನು ಎತ್ತಿದೆ, ಬೋರಲು ಹಾಕಿದ ಬುಟ್ಟಿ. ಮತ್ತೊಂದರ ಅಡಿ ಮರಳು, ಇನ್ನೊಂದರ ಅಡಿ ಒಡೆದ ಮಡಕೆ. ಕಟ್ಟೆಯ ಮೇಲೆ ಒಂದೇ ಒಂದು ಕಲ್ಲಿರಲಿಲ್ಲ. ಒಬ್ಬೊಬ್ಬರೂ ಇನ್ನೊಬ್ಬರಿಗೆ ಗೊತ್ತಾಗದಂತೆ ತಮ್ಮ ಮನೆಯ ಕಲ್ಲನ್ನು ಹೊತ್ತೊಯ್ದು, ಬ್ಯಾಟರಿ ಪೆಟ್ಟಿಗೆಗಳ ಸಂದಿಯಲ್ಲಿ, ಹಲಗೆಯ ಕೆಳಗೆ ಇಟ್ಟುಬಂದಿದ್ದರು. ಇನ್ನೊಬ್ಬರ ಮುಚ್ಚಿಗೆ ಮುಟ್ಟುವ ಹಾಗಿರಲಿಲ್ಲವಲ್ಲ, ಯಾರದು ಇದೆ ಯಾರದು ಇಲ್ಲ ಎಂದು ಯಾರೂ ನೋಡಿರಲಿಲ್ಲ. ಪೆದ್ರುವಿನ ಹೆಂಡತಿ ಮೊದಲು ಬಾಯಿ ಬಿಟ್ಟಳು, "ನಮ್ದ್ ಒಂದೇ ಅಲ್ದಾ ಅಂದ್ಕಂಡಿದ್ದೆ, ಒಂದ್ ಕಲ್ಲಿಗೆ ಎಂತಾ ಆಗ್ತದೆ ಅಂತ." ಆಮೇಲೆ ಒಬ್ಬೊಬ್ಬರಾಗಿ ಎಲ್ಲರೂ ಅದೇ ಮಾತು ಹೇಳಿದರು. ನನಗೆ ಎಷ್ಟು ಸಿಟ್ಟು ಬಂದಿತ್ತೆಂದರೆ ಅಳುವೇ ಬರಲಿಲ್ಲ. ನಮ್ಮ ಮುಚ್ಚಿಗೆಯನ್ನು ನಾನು ಎತ್ತಿ ನೋಡಲಿಲ್ಲ. ಅಮ್ಮ ಅದರ ಪಕ್ಕದಲ್ಲೇ ಕೂತಿದ್ದಳು.

ಈ ಶ್ರಾವಣದ ಮೊದಲಲ್ಲಿ ಮಳೆಯಿಲ್ಲದ ಬಿರುಗಾಳಿ ಬೀಸಿತು. ಅದು ದೊಡ್ಡಕ್ಕನನ್ನು ತಂದು ಗುಡ್ಡದ ಬುಡಕ್ಕೆ ಹಾಕಿತು. ಹಾಯಿ ಇದ್ದಾಗ ಕರೆದರೂ ಬಾರದ ಗಾಳಿ, ಹಾಯಿ ತೆಗೆದ ಮೇಲೆ ಅವಳನ್ನು ಮನೆಗೆ ತಲುಪಿಸಿತು. ನಾನೇ ಮೊದಲು ಹತ್ತಿದೆ. ಕುಸುಮ ಇರಲಿಲ್ಲ, ಮಾವ ಇರಲಿಲ್ಲ. ಮೋಟರಿನ ತಂತಿ ಸುಟ್ಟು ಕರಕಲಾಗಿತ್ತು. ಬ್ಯಾಟರಿಗೆ ಮಾತ್ರ ಬಿಸಿಲಹಾಸು ದಿನವೂ ಕರೆಂಟು ತುಂಬುತ್ತಲೇ ಇತ್ತು. ಸಾಲಿನ ಹಸಿರು ದೀಪಗಳೆಲ್ಲ ಉರಿಯುತ್ತಿದ್ದವು. ಆ ಹಸಿರನ್ನು ನೋಡಿದಾಗ ನನಗೆ ನನ್ನ ಕೆಲಸದ ಮೇಲೆಯೇ ಹೇಸಿಗೆ ಬಂತು. ಪೀಪಾಯಿಗಳ ಬಿರಡೆಗಳೆಲ್ಲ ತೆಗೆದಿದ್ದವು, ಒಳಗೆ ಒಂದು ಹನಿಯೂ ಇರಲಿಲ್ಲ. ಹಡಗು ಹಗುರಾಗಲಿ ಎಂದು ಸಿಹಿನೀರನ್ನು ಅವರೇ ಹೊರಗೆ ಚೆಲ್ಲಿದ್ದರು. ಆಮೇಲೆ ಹಲಗೆ ಎತ್ತಿದೆ. ಕಲ್ಲುಗಳು ಬಟ್ಟೆ ಸುತ್ತಿಕೊಂಡು ಇಟ್ಟಲ್ಲೇ ಇದ್ದವು. ಎರಡು ಬಟ್ಟೆಗಳು ಮಾತ್ರ ಖಾಲಿ ಬಿದ್ದಿದ್ದವು. ಒಂದು ಮಾವನ ಹಳೇ ಮುಂಡಾಸಿನ ತುಂಡು. ಇನ್ನೊಂದು ಅಮ್ಮನ ನೀಲಿ ಸೀರೆಯ ಸೆರಗು.

ಇದರ ಅರ್ಥ ನಿಮಗೆ ಬಿಡಿಸಿ ಹೇಳಬೇಕಾಗಿಲ್ಲ ಅಜ್ಜಿ, ಆದರೂ ಹೇಳುತ್ತೇನೆ, ನನ್ನ ಎದೆ ಹಗುರಾಗಲಿ. ಹಡಗು ತಿರುಗುತ್ತಿಲ್ಲ, ನೀರು ಹೊರಗೆ ಎಳೆಯುತ್ತಿದೆ. ಮಾವ ತನ್ನ ಮನೆಯ ಹೊಸ್ತಿಲನ್ನು ಎತ್ತಿ ಎಸೆದ. ಕುಸುಮ ನಿಮ್ಮ ಅರೆಯುವ ಕಲ್ಲನ್ನು ಎತ್ತಿ ಎಸೆದಳು. ಅಷ್ಟು ಮಾಡಿ ನಿಂತರು. ಸುತ್ತ ಇನ್ನೂ ಅಷ್ಟೊಂದು ಕಲ್ಲುಗಳಿದ್ದವು, ಆದರೆ ಅವು ಬೇರೆಯವರ ಮನೆಗಳು. ಮುಟ್ಟಲಿಲ್ಲ. ಅದರ ಬದಲು ತಾವು ಕುಡಿಯಬೇಕಾದ ನೀರನ್ನು ಚೆಲ್ಲಿದರು. ಯಾವುದು ಮೊದಲು, ಯಾವುದು ಆಮೇಲೆ ಎಂದು ನನಗೆ ಗೊತ್ತಿಲ್ಲ. ಅವರನ್ನು ಬಾಯಾರಿಕೆ ಕೊಂದಿತೋ, ಬಿರುಗಾಳಿ ಕಡಲಿಗೆ ಎಳೆಯಿತೋ, ಅದೂ ಗೊತ್ತಿಲ್ಲ. ನನ್ನ ತಂಗಿ ಒಳ್ಳೆಯ ಹುಡುಗಿ. ಅಷ್ಟು ಒಳ್ಳೆಯವಳಾಗಬಾರದಿತ್ತು.

ಅಮ್ಮ ನೀಲಿ ಬಟ್ಟೆಯನ್ನು ನನ್ನ ಕೈಯಿಂದ ತೆಗೆದುಕೊಂಡು ಮಡಚಿ ಸೊಂಟಕ್ಕೆ ಸಿಕ್ಕಿಸಿಕೊಂಡಳು. ಅಣ್ಣನಿಗಾಗಿಯೂ ಅಳಲಿಲ್ಲ, ಮಗಳಿಗಾಗಿಯೂ ಅಳಲಿಲ್ಲ. ಅಂದಿನಿಂದ ಅವಳೊಡನೆ ನಾನೂ ಮಾತಾಡಿರಲಿಲ್ಲ. ಮೋಟರಿಗೆ ಹೊಸ ತಂತಿ ಸುತ್ತುವ ಕೆಲಸ ಮಾತ್ರ ಬಿಡಲಿಲ್ಲ, ಅದು ಈಗ ಮುಗಿದಿದೆ. ಬೆವರುಗಾಜಿನ ಹನಿಯಲ್ಲಿ ಊರು ಹೆಚ್ಚು ದಿನ ನಿಲ್ಲಲಾರದು, ಆಗಲೇ ಮುದುಕರು ತಮ್ಮ ಪಾಲನ್ನು ಮಕ್ಕಳಿಗೆ ಬಿಟ್ಟುಕೊಡುತ್ತಿದ್ದಾರೆ. ಹಡಗು ಹೊರಡಬೇಕು. ಆದರೆ ಕಲ್ಲುಗಳು ಇನ್ನೂ ಅದರ ಹೊಟ್ಟೆಯಲ್ಲೇ ಇವೆ. ನಿಮ್ಮ ನಿಮ್ಮದನ್ನು ಎತ್ತಿಕೊಳ್ಳಿ ಎಂದು ಮನೆಮನೆಗೆ ಹೋಗಿ ಹೇಳಿದೆ. ಬರುತ್ತಾರೆ, ಹಡಗಿನ ಹತ್ತಿರ ನಿಲ್ಲುತ್ತಾರೆ, ಕೈ ಮುಂದೆ ಬರುವುದಿಲ್ಲ. ಕುಸುಮ ಸತ್ತರೂ ಮುಟ್ಟದೆ ಉಳಿಸಿದ ಕಲ್ಲನ್ನು ಈಗ ಯಾವ ಮುಖದಲ್ಲಿ ಎತ್ತುವುದು ಎನ್ನುತ್ತಾರೆ. ಮೊದಲು ಪ್ರೀತಿಗೆ ಇಟ್ಟರು, ಈಗ ಮರ್ಯಾದೆಗೆ ಬಿಟ್ಟಿದ್ದಾರೆ. ಹಡಗಿಗೆ ಎರಡೂ ಒಂದೇ ತೂಕ.

ಆದ್ದರಿಂದ ನಾನು ಒಂದು ನಿರ್ಧಾರ ಮಾಡಿದ್ದೇನೆ. ನಾಳೆ ಬೆಳಿಗ್ಗೆ ಊರವರೆಲ್ಲ ನೋಡುತ್ತಿರುವಾಗಲೇ ಹಡಗಿಗೆ ಹತ್ತಿ, ಯಾರದೆಂದು ನೋಡದೆ ಎಲ್ಲ ಕಲ್ಲುಗಳನ್ನೂ ಅಳಿವೆಗೆ ಎಸೆಯುತ್ತೇನೆ. ಹೊಡೆದರೆ ಹೊಡೆಯಲಿ. ಕಲ್ಲೊಕ್ಕಲಿನಿಂದ ಹೊರಗೆ ಹಾಕಿದರೆ ಹಾಕಲಿ. ನಮ್ಮ ಕಲ್ಲು ಹೇಗೂ ಈಗ ಅಲ್ಲಿಲ್ಲ. ಇದನ್ನು ಅಮ್ಮನಿಗೆ ಹೇಳಿದೆ. ಅವಳು ಬೆವರುಗಾಜಿನ ಬೋಗುಣಿಯನ್ನು ನನ್ನ ಕಡೆ ಸರಿಸಿದಳು. ಆಮೇಲೆ, "ಒಬ್ಳಿಂದ ಆಗೂದಿಲ್ಲ ಅದು, ಭಾರ ಉಂಟು. ನಾನೂ ಬತ್ತೆ" ಎಂದಳು. ನಾನು ಆಗ ಅತ್ತೆ.

ಇನ್ನು ನನ್ನ ಕೋರಿಕೆ. ಕಡಲು ಒಮ್ಮೆಲೇ ಬರುವುದಿಲ್ಲ. ಮೊದಲು ನಿಮ್ಮ ಬಾವಿಯ ನೀರಿನಲ್ಲಿ ಬೇಳೆ ಬೇಯುವುದಿಲ್ಲ, ಆಮೇಲೆ ಹಿತ್ತಿಲಿನ ತೆಂಗು ಕಾಯಿ ಬಿಡುವುದಿಲ್ಲ, ಆಮೇಲೆ ಒಂದು ಹುಣ್ಣಿಮೆಯ ಉಬ್ಬರ ಅಂಗಳಕ್ಕೆ ಬಂದು ಹೋಗುತ್ತದೆ. ನಿಮ್ಮ ಕಾಲಕ್ಕೆ ಅಲ್ಲದಿದ್ದರೂ ನಿಮ್ಮ ಮಕ್ಕಳ ಕಾಲಕ್ಕೆ ಬಂದೀತು. ಊರು ಬಿಡುವ ದಿನ ನಿಮ್ಮವರು ಆ ಅರೆಯುವ ಕಲ್ಲನ್ನು ಹೊರಲು ಬಗ್ಗುತ್ತಾರೆ. ಹೊರಬೇಡಿ ಎಂದು ಈಗಲೇ ಹೇಳಿಟ್ಟುಹೋಗಿ. ಮನೆಯ ಜೊತೆ ಅದೂ ಮುಳುಗಲಿ, ಅದಕ್ಕೆ ಅದೇ ಸರಿ. ನೆನಪಿಗೆ ಏನಾದರೂ ಬೇಕೆಂದರೆ ನಿಮ್ಮ ಹೆಸರನ್ನು ಮಕ್ಕಳ ಬಾಯಲ್ಲಿ ಬಿಟ್ಟುಹೋಗಿ. ಅದು ಹಗುರ, ನಮಗೆ ಅದೇ ದಕ್ಕಲಿಲ್ಲ. ಆದರೂ ಹಡಗಿಗೆ ಭಾರ ಬೇಕೇ ಬೇಕು, ಅದು ನನಗೂ ಗೊತ್ತು. ಕಲ್ಲು ಕೇಳಿಕೊಂಡು ಯಾರಾದರೂ ಬಂದರೆ ಅವರನ್ನು ಹೊಳೆಗೆ ಕರೆದುಕೊಂಡು ಹೋಗಿ. ಅಲ್ಲಿ ಉರುಟು ಕಲ್ಲುಗಳು ರಾಶಿ ಬಿದ್ದಿವೆ. ಅವನ್ನು ತುಂಬಿಕೊಳ್ಳಲಿ. ಯಾರ ಮನೆಯದೂ ಅಲ್ಲದ ಕಲ್ಲು, ಕಷ್ಟದ ಹೊತ್ತು ಬಂದಾಗ ನನ್ನ ತಂಗಿಯಂಥವಳೂ ಎತ್ತಿ ಎಸೆಯಬಹುದಾದ ಕಲ್ಲು.

ನಿಮ್ಮ ಮಾದೇವಿ